ಮಲೆನಾಡಿನ ನೆಲಕ್ಕೆ ಯಾವ ಸ್ಕ್ರಬ್ಬರ್ ಯಂತ್ರ?

ನೆಲ ಉಜ್ಜುವ ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಮೋಟಾರಿನ ಶಕ್ತಿಯನ್ನೂ ಬ್ರಷ್ಷಿನ ಅಗಲವನ್ನೂ ವಿಚಾರಿಸುತ್ತಾರೆ. ಮಲೆನಾಡಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು, ಉಜ್ಜಿದ ನೀರನ್ನು ಯಂತ್ರವು ಎಷ್ಟು ಚೆನ್ನಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂಬುದನ್ನು. ಶಿವಮೊಗ್ಗದಲ್ಲಿ ಗ್ರಾನೈಟ್ ಹಾಸಿದ ಒಂದು ಕಲ್ಯಾಣ ಮಂಟಪದಲ್ಲಿಯೂ ಕಡಪ ಕಲ್ಲಿನ ಒಂದು ಅಡಿಕೆ ಗೋದಾಮಿನಲ್ಲಿಯೂ ಮೂರು ಬಗೆಯ ಯಂತ್ರಗಳನ್ನು ಬಳಸಿ ನೋಡಿದ ಮೇಲೆ ನನಗೆ ಇದು ಖಚಿತವಾಗಿದೆ.

ಮೊದಲನೆಯದು ಕರೆಂಟಿನ ಸಿಂಗಲ್ ಡಿಸ್ಕ್, ಅಂದರೆ ಒಂದೇ ದುಂಡು ಪ್ಯಾಡನ್ನು ತಿರುಗಿಸಿ ನೆಲ ಉಜ್ಜುವ ಯಂತ್ರ. ಬೆಲೆ ಕಡಿಮೆ, ರಿಪೇರಿ ಸುಲಭ. ಯಂತ್ರದ ಭಾರವೆಲ್ಲ ಒಂದೇ ಪ್ಯಾಡಿನ ಮೇಲೆ ಬೀಳುವುದರಿಂದ ಹಳೆಯ ಕಲೆಯನ್ನು ಬಿಡಿಸುವುದರಲ್ಲಿ ಉಳಿದೆರಡೂ ಇದಕ್ಕೆ ಸಮವಲ್ಲ. ಆದರೆ ಹಿಡಿಕೆ ಎತ್ತಿದರೆ ಬಲಕ್ಕೆ, ತಗ್ಗಿಸಿದರೆ ಎಡಕ್ಕೆ ಓಡುವ ಈ ಯಂತ್ರವನ್ನು ಹಿಡಿತಕ್ಕೆ ತಂದುಕೊಳ್ಳಲು ಕೆಲಸದವರಿಗೆ ಅಭ್ಯಾಸ ಬೇಕು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ನೀರು ನೆಲದಲ್ಲೇ ಉಳಿಯುತ್ತದೆ. ಆಷಾಢದ ಮಳೆಯಲ್ಲಿ ಆ ನೀರು ಬೇಗ ಆರುವುದಿಲ್ಲ; ವೈಪರ್ ಎಳೆದರೂ ಕೆಮ್ಮಣ್ಣಿನ ನುಣುಪು ಕಣಗಳು ಹಿಂದುಳಿದು, ಒಣಗಿದ ಮೇಲೆ ಗ್ರಾನೈಟಿನ ಮೇಲೆ ಕೆಂಪು ಪೊರೆಯಾಗಿ ಕಾಣಿಸಿಕೊಳ್ಳುತ್ತವೆ.

ಬ್ಯಾಟರಿಯಿಂದ ಓಡುವ, ಕೆಲಸದವರು ಹಿಂದಿನಿಂದ ತಳ್ಳಿಕೊಂಡು ಹೋಗುವ ಸ್ಕ್ರಬ್ಬರ್ ಡ್ರೈಯರ್ ಮಂಟಪದಲ್ಲಿ ಗೆದ್ದದ್ದು ಈ ಕಾರಣಕ್ಕಾಗಿಯೇ. ಮುಂದೆ ಪ್ಯಾಡ್ ಉಜ್ಜುತ್ತಿದ್ದಂತೆ ಹಿಂದಿನ ರಬ್ಬರ್ ಪಟ್ಟಿಯು ಕೊಳೆನೀರನ್ನು ಒಟ್ಟುಗೂಡಿಸಿ ಟ್ಯಾಂಕಿಗೆ ಎಳೆಯುತ್ತದೆ. ಊಟದ ಪಂಕ್ತಿ ಎದ್ದ ಸ್ವಲ್ಪ ಹೊತ್ತಿಗೇ ಜನ ಜಾರದೆ ಓಡಾಡಬಹುದು. ಆ ಪಟ್ಟಿಯನ್ನು ಪ್ರತಿದಿನ ತೊಳೆಯಬೇಕು. ಅಂಚು ಸವೆದಾಗ ತಿರುಗಿಸಿ ಹಾಕಿದರೆ ಅದೇ ಪಟ್ಟಿ ಮತ್ತಷ್ಟು ಕಾಲ ಬರುತ್ತದೆ. ಸೋಪು ಹೆಚ್ಚಾದರೆ ಟ್ಯಾಂಕಿನಲ್ಲಿ ನೊರೆ ಏರಿ ಎಳೆತ ನಿಂತುಹೋಗುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ರಾತ್ರಿಯಿಡೀ, ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಮಾಡಬೇಕು, ಏಕೆಂದರೆ ಅದರಿಂದ ಹೈಡ್ರೋಜನ್ ಹೊರಬರುತ್ತದೆ.

ಗೋದಾಮಿನ ಸಂಗತಿ ಬೇರೆ. ಅಲ್ಲಿ ಅಡಿಕೆ ಚೂರುಗಳು ಪಟ್ಟಿಯ ಕೆಳಗೆ ಸಿಕ್ಕಿ ಗೆರೆಗೆರೆಯಾಗಿ ನೀರು ಬಿಟ್ಟುಹೋಗುತ್ತದೆ. ಉರುಳೆ ಬ್ರಷ್ಷಿನ ಸ್ಕ್ರಬ್ಬರ್ ಆ ಚೂರುಗಳನ್ನು ಗುಡಿಸಿ ತನ್ನ ತಟ್ಟೆಗೆ ಹಾಕಿಕೊಳ್ಳುತ್ತದೆ, ಕಲ್ಲಿನ ಸಂದುಗಳಿಗೂ ಇಳಿಯುತ್ತದೆ. ಗೋಣಿಚೀಲದ ನಾರು ಮಾತ್ರ ಉರುಳೆಯ ತುದಿಗೆ ಸುತ್ತಿಕೊಳ್ಳುವುದರಿಂದ ಮೊದಲು ಪೊರಕೆ ಆಡಿಸಲೇಬೇಕು.

ಚೊಗರಿನ, ಅಂದರೆ ಅಡಿಕೆಯ ಕಂದು ರಸದ, ಕಲೆಗೆ ಈ ಯಂತ್ರವೂ ಸಾಲದು. ಅಲ್ಲಿ ನಾನು ಮತ್ತೆ ಸಿಂಗಲ್ ಡಿಸ್ಕನ್ನೇ ತರಿಸುತ್ತೇನೆ. ಹೆಚ್ಚು ಒರಟಲ್ಲದ ಕೆಂಪು ಪ್ಯಾಡ್ ಹಾಕಿ, ಕ್ಷಾರವೂ ಆಮ್ಲವೂ ಅಲ್ಲದ ಸೋಪಿನಿಂದ ಉಜ್ಜಿಸುತ್ತೇನೆ. ಅಡಿಕೆಗೆ ಸುಣ್ಣ ತಗುಲಿದಾಗ ಆಗುವಂತೆಯೇ ಕ್ಷಾರದಿಂದ ಆ ಕಲೆ ಇನ್ನೂ ಗಾಢವಾಗುತ್ತದೆ. ಕಡಪವು ಸುಣ್ಣಕಲ್ಲಾದ್ದರಿಂದ ಆಸಿಡ್ ಕಲ್ಲನ್ನೇ ತಿನ್ನುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವಿದ್ದರೆ ಮೃದುವಾದ ಬಿಳಿ ಪ್ಯಾಡನ್ನೇ ಬಳಸಿರಿ, ಒರಟಾದ ಕಪ್ಪು ಪ್ಯಾಡ್ ಅದರ ಹೊಳಪನ್ನು ಕೆರೆದುಹಾಕುತ್ತದೆ.