ಡಿಕನ್ಸ್‌ನ ಕಳ್ಳರ ಮಾತಿಗೆ ಯಾವ ನಿಘಂಟು? ಆರನ್ನು ಪಕ್ಕಪಕ್ಕ ಇಟ್ಟು ನೋಡಿದೆ

'ಆಲಿವರ್ ಟ್ವಿಸ್ಟ್' ಕಾದಂಬರಿಯ ಕೆಲವು ಅಧ್ಯಾಯಗಳನ್ನು ಕನ್ನಡಕ್ಕೆ ತರಲು ಕೂತಿದ್ದೆ. ಎಂಟನೇ ಅಧ್ಯಾಯಕ್ಕೆ ಬಂದಾಗ ಕೆಲಸ ನಿಂತುಹೋಯಿತು. ಹಸಿದು ಬಸವಳಿದ ಆಲಿವರ್‌ಗೆ ಬಾರ್ನೆಟ್‌ನಲ್ಲಿ ಜೇಬುಗಳ್ಳ ಹುಡುಗ ಡಾಡ್ಜರ್ ಸಿಗುತ್ತಾನೆ. ಅವನು 'ಬೀಕ್' ಅಂದರೆ ಆಲಿವರ್ ಹಕ್ಕಿಯ ಕೊಕ್ಕು ಅಂದುಕೊಳ್ಳುತ್ತಾನೆ. ಡಾಡ್ಜರ್‌ನ ಮಾತಿನಲ್ಲಿ ಅದು ಮ್ಯಾಜಿಸ್ಟ್ರೇಟ್. ಅದರ ಹಿಂದೆಯೇ 'ಮಿಲ್', 'ಸ್ಟೋನ್ ಜಗ್' ಬರುತ್ತವೆ. ಮುಂದಿನ ಅಧ್ಯಾಯಗಳಲ್ಲಿ 'ಟ್ರ್ಯಾಪ್ಸ್', 'ಫೋಗಲ್', 'ಬ್ಲಂಟ್'. ಈ ಮಾತುಗಳ ವಿಷಯದಲ್ಲಿ ನನ್ನ ಮೇಜಿನ ಮೇಲಿದ್ದ ನಿಘಂಟಿಗೂ ಆಲಿವರ್‌ಗೆ ತಿಳಿದಿದ್ದಷ್ಟೇ ತಿಳಿದಿತ್ತು.

ಇಂಗ್ಲೆಂಡಿನ ಕಳ್ಳರು, ಭಿಕ್ಷುಕರು ತಮ್ಮೊಳಗೆ ಆಡುತ್ತಿದ್ದ ಗುಟ್ಟು ಮಾತಿಗೆ ಕ್ಯಾಂಟ್ ಎಂದು ಹೆಸರು. ಅದನ್ನೂ ಬೀದಿಯ ಸ್ಲ್ಯಾಂಗನ್ನೂ ಕೂಡಿಸಿಟ್ಟ ಹಳೆಯ ನಿಘಂಟುಗಳು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಇದೇ ಆರು ಪದಗಳನ್ನು ಹಿಡಿದುಕೊಂಡು ಒಂದೊಂದನ್ನೇ ತೆರೆಯುತ್ತಾ ಹೋದೆ.

ಮೊದಲು ತೆರೆದದ್ದು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ತಂದ ನಿಘಂಟು. ಗ್ರೋಸ್ ಸೈನ್ಯದಲ್ಲಿದ್ದವನು, ಹಳೆಯ ಕಟ್ಟಡಗಳ ಬಗ್ಗೆ ಬರೆದವನು. ದೊಡ್ಡ ಮೈಯ ಈ ಮನುಷ್ಯ ರಾತ್ರಿ ಹೊತ್ತು ಲಂಡನ್ನಿನ ಹೆಂಡದಂಗಡಿಗಳನ್ನು ಸುತ್ತಿ ಪದ ಕೂಡಿಸುತ್ತಿದ್ದ ಎಂದು ಹೇಳುತ್ತಾರೆ. ಒಂದು ಪದ ಹುಡುಕಲು ಹೋಗಿ ಒಂದು ಗಂಟೆ ಓದುತ್ತಾ ಕೂತೆ, ಅಷ್ಟು ರುಚಿ. ಬೀಕ್ ಇದೆ, ಸ್ಟೋನ್ ಜಗ್ ಅಂದರೆ ಜೈಲು ಎಂದೂ ಇದೆ. ಆದರೆ ಎರಡು ವಿಷಯದಲ್ಲಿ ಎಚ್ಚರ ಬೇಕು. ಎಲ್ಲರಿಗೂ ಸುಲಭವಾಗಿ ಸಿಗುವುದು 1811ರ ಆವೃತ್ತಿ. ಗ್ರೋಸ್ ತೀರಿಕೊಂಡದ್ದು 1791ರಲ್ಲಿ. ಅಂದರೆ ಅದರಲ್ಲಿ ಬೇರೆಯವರು ಸೇರಿಸಿದ ಪದಗಳೂ ಇವೆ. ಇನ್ನೊಂದು, ಹಳೆಯ ಪುಸ್ತಕಗಳಿಂದ ಎತ್ತಿಕೊಂಡ ಪದಗಳು. ರಾತ್ರಿಗೆ 'ಡಾರ್ಕ್‌ಮನ್ಸ್' ಎಂಬ ಕಳ್ಳರ ಪದವನ್ನು ಕೆಂಟ್‌ನ ಥಾಮಸ್ ಹಾರ್ಮನ್ 1560ರ ದಶಕದಲ್ಲೇ ಬರೆದಿಟ್ಟಿದ್ದ. ಅದು ಗ್ರೋಸ್‌ನಲ್ಲೂ ಇದೆ. ಇನ್ನೂರು ವರ್ಷ ಕಳೆದ ಮೇಲೂ ಯಾವ ಕಳ್ಳನಾದರೂ ಆ ಪದ ಆಡುತ್ತಿದ್ದನೇ? ಪುಟ ನೋಡಿ ಅದನ್ನು ಹೇಳಲು ಆಗುವುದಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಎಲ್ಲಕ್ಕಿಂತ ಚಿಕ್ಕದು. ಜೇಮ್ಸ್ ಹಾರ್ಡಿ ವಾಕ್ಸ್ ಬರೆದ ಪದಪಟ್ಟಿ. ವಾಕ್ಸ್ ತಾನೇ ಕಳ್ಳ. ಅವನನ್ನು ಮೂರು ಸಲ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. 1812ರಲ್ಲಿ ಅಲ್ಲಿನ ನ್ಯೂಕ್ಯಾಸಲ್‌ನಲ್ಲಿ ಕೈದಿಯಾಗಿದ್ದಾಗ ಈ ಪಟ್ಟಿ ಬರೆದು ಅಲ್ಲಿನ ಅಧಿಕಾರಿಗೇ ಅರ್ಪಿಸಿದ. 1819ರಲ್ಲಿ ಅವನ ಆತ್ಮಕಥೆಯ ಜೊತೆ ಅಚ್ಚಾಯಿತು. ಫೋಗಲ್ ಅಂದರೆ ರೇಷ್ಮೆ ಕರವಸ್ತ್ರ, ಬ್ಲಂಟ್ ಅಂದರೆ ದುಡ್ಡು, ಎಲ್ಲ ಇದೆ. ಟ್ರ್ಯಾಪ್ಸ್‌ಗೆ ಅವನು ಕೊಟ್ಟ ವಿವರ ನೋಡಿ: ಸರಿಯಾಗಿ ಹೇಳುವುದಾದರೆ ಅದು ಪೊಲೀಸ್ ಅಧಿಕಾರಿಗಳಿಗೆ ಮಾತ್ರ, ಆದರೆ ಯಾವ ಕಾನ್‌ಸ್ಟೇಬಲ್‌ಗಾದರೂ ಹಾಗೆ ಅನ್ನುವ ರೂಢಿ ಇದೆ. ಈ ವ್ಯತ್ಯಾಸವನ್ನು ಹೊರಗಿನಿಂದ ಕೇಳಿದವನು ಬರೆಯಲಾರ. ಓಡಿ ತಪ್ಪಿಸಿಕೊಂಡವನೇ ಬರೆಯಬೇಕು. ಡಿಕನ್ಸ್‌ನ ಕಾದಂಬರಿ ಬಂದದ್ದು 1837ರಿಂದ 1839ರವರೆಗೆ. ಕಾಲದಲ್ಲೂ ಅನುಭವದಲ್ಲೂ ಡಾಡ್ಜರ್‌ಗೆ ಇಷ್ಟು ಹತ್ತಿರದವನು ಮತ್ತೊಬ್ಬನಿಲ್ಲ.

ಆದರೂ 'ಮಿಲ್' ಹತ್ತಿರ ವಾಕ್ಸ್ ಕೈಕೊಟ್ಟ. ಅವನಲ್ಲಿ ಮಿಲ್ ಅಂದರೆ ಹೊಡೆದಾಡುವುದು. ಡಾಡ್ಜರ್ ಹೇಳುವ ಮಿಲ್, ಕೈದಿಗಳು ಮೆಟ್ಟಿಲು ತುಳಿದಂತೆ ತುಳಿದು ತಿರುಗಿಸಬೇಕಿದ್ದ ದೊಡ್ಡ ಚಕ್ರ. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಇದನ್ನು ಇಂಗ್ಲೆಂಡಿನ ಜೈಲುಗಳಿಗೆ ತಂದದ್ದು ವಾಕ್ಸ್ ಬರೆದ ಕೆಲವು ವರ್ಷಗಳ ನಂತರ. ಇನ್ನೂ ಇಲ್ಲದ ಚಕ್ರ ಅವನ ಪಟ್ಟಿಯಲ್ಲಿ ಹೇಗೆ ತಾನೇ ಇರುತ್ತದೆ, ಅಲ್ವಾ?

ಅದಕ್ಕೆ ಉತ್ತರ ಜೊನಾಥನ್ ಗ್ರೀನ್ ಅವರ ನಿಘಂಟಿನಲ್ಲಿ ಸಿಕ್ಕಿತು. 2010ರಲ್ಲಿ ಮೂರು ಸಂಪುಟವಾಗಿ ಬಂದು, 2016ರಲ್ಲಿ ಅಂತರ್ಜಾಲಕ್ಕೆ ಏರಿತು. ಒಂದು ಪದ ಯಾವ ವರ್ಷ, ಯಾವ ಪುಸ್ತಕದಲ್ಲಿ, ಯಾವ ಅರ್ಥದಲ್ಲಿ ಬಂತು ಎಂದು ಸಾಲುಸಾಲಾಗಿ ಉದಾಹರಣೆ ಇಟ್ಟು ತೋರಿಸುತ್ತದೆ. ಅರ್ಥಗಳು ಬದಲಾದ ದಾರಿ ಕಣ್ಣಿಗೆ ಕಾಣುತ್ತದೆ. ನಂಬಿಕೆಯ ವಿಷಯದಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಸುಮ್ನೆ ಓದುತ್ತಾ ಕೂರಲು ಮಾತ್ರ ಗ್ರೋಸ್ ಬೇಕು.

ಎರಿಕ್ ಪಾರ್ಟ್ರಿಜ್‌ನ 1937ರ ನಿಘಂಟಿನ ಮೇಲೆ ನನಗೆ ತುಂಬ ಆಸೆ ಇತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಆತ ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ವರ್ಷಗಟ್ಟಲೆ ಒಂಟಿಯಾಗಿ ದುಡಿದ. ಆ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ಎಷ್ಟೋ ಕಡೆ ಶತಮಾನ ಮಾತ್ರ ಇರುತ್ತದೆ, ಆಧಾರದ ಸಾಲು ಇರುವುದಿಲ್ಲ. ಪದದ ಮೂಲದ ಬಗ್ಗೆ ಊಹೆ ಜಾಸ್ತಿ. ಅನುವಾದ ಮಾಡುವವನಿಗೆ ಊಹೆಯ ಮೇಲೆ ಊಹೆ ಕಟ್ಟುವುದು ಅಪಾಯ.

ಜಾನ್ ಕ್ಯಾಮ್ಡೆನ್ ಹಾಟನ್‌ನ ನಿಘಂಟು 1859ರದ್ದು, ಡಾಡ್ಜರ್‌ಗೆ ಇಪ್ಪತ್ತು ವರ್ಷ ತಡ. ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುವವರು ಪದಗಳನ್ನು ತಿರುಗುಮುರುಗು ಮಾಡಿ ಆಡುತ್ತಿದ್ದ ಭಾಷೆಗೆ ಬೇರೆಯೇ ಪಟ್ಟಿ ಇದೆ. 'ಬಾಯ್' ಎಂಬುದು 'ಯಾಬ್' ಆಗುತ್ತದೆ. ಚಿಕ್ಕವರಿದ್ದಾಗ ನಾವು ಆಡುತ್ತಿದ್ದ ಕ-ಭಾಷೆ ನೆನಪಾಯಿತು. ಫಾರ್ಮರ್ ಮತ್ತು ಹೆನ್ಲಿ 1890ರಿಂದ 1904ರವರೆಗೆ ತಂದ ಏಳು ಸಂಪುಟಗಳಲ್ಲಿ ಫ್ರೆಂಚ್, ಜರ್ಮನ್ ಕಳ್ಳರ ಪದಗಳೂ ಇವೆ. ಫ್ರೆಂಚ್ ಕಾದಂಬರಿ ಅನುವಾದಿಸುವವರು ಅಲ್ಲಿಂದಲೇ ಶುರು ಮಾಡಬಹುದು. ನನ್ನ ಕೆಲಸಕ್ಕೆ ಅಷ್ಟು ಬೇಕಾಗಲಿಲ್ಲ.

ಕೊನೆಗೆ ನನ್ನ ರೂಢಿ ಹೀಗಾಯಿತು. ಮೊದಲು ವಾಕ್ಸ್, ಆಮೇಲೆ ಗ್ರೀನ್. ಇಬ್ಬರೂ ಒಪ್ಪಿದರೆ ಕನ್ನಡ ಪದ ಹುಡುಕುವುದು. ಸ್ಟೋನ್ ಜಗ್‌ಗೆ ಮೊದಲು 'ಕಲ್ಲಿನ ಹೂಜಿ' ಎಂದು ಬರೆದಿದ್ದೆ. ಅದರಲ್ಲಿ ಜೀವ ಇರಲಿಲ್ಲ. ಅದು ಜೈಲಿಗೆ ಕಳ್ಳರು ಸಲುಗೆಯಿಂದ ಇಟ್ಟ ಹೆಸರು ಎಂದು ಮನಸ್ಸಿಗೆ ಬಂದ ಮೇಲೆ 'ಮಾವನ ಮನೆ' ತಾನಾಗೇ ಬಂತು. ಈಗ ನನ್ನ ಕನ್ನಡದಲ್ಲಿ ಡಾಡ್ಜರ್, "ಮಾವನ ಮನೆಗೆ ಹೋಗಿದ್ದೀಯೇನೋ?" ಎಂದು ಕೇಳುತ್ತಾನೆ. ಅನಾಥ ಆಲಿವರ್ ಅವನ ಮುಖ ನೋಡಿ, "ನನಗೆ ಮಾವ ಇಲ್ಲ" ಅನ್ನುತ್ತಾನೆ.