ಎಲ್ಕ್ ಬೇಟೆಗೆ ಯಾವ ತೋಟಾ: .30-06 ಅಥವಾ .300 ಮ್ಯಾಗ್ನಮ್?

ಅಮೆರಿಕದ ಕೊಲೊರಾಡೊದ ಬೆಟ್ಟಗಳಲ್ಲಿ ಮೊದಲ ಸಲ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಟವರು ಸಾಮಾನ್ಯವಾಗಿ .30-06, .300 ಮ್ಯಾಗ್ನಮ್ ಎಂಬ ಈ ಎರಡು ರೈಫಲ್ ತೋಟಾಗಳ ಮಧ್ಯೆ ಸಿಕ್ಕಿಕೊಳ್ಳುತ್ತಾರೆ. ದೊಡ್ಡ ಗಂಡು ಎಲ್ಕ್ 300 ಕೆಜಿ ದಾಟುತ್ತದೆ. ಹಾಗಾಗಿ ಜಾಸ್ತಿ ಶಕ್ತಿ ಬೇಕು ಅನ್ನಿಸುವುದು ಸಹಜ, ಅಲ್ವಾ?

.30-06 ಬಂದದ್ದು 1906ರಲ್ಲಿ. 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹಾರಿಸುತ್ತದೆ. 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಅದೇ ಗುಂಡಿಗೆ ಇನ್ನೂ 250 ಅಡಿಯಷ್ಟು ವೇಗ ಕೊಡುತ್ತದೆ. ಹಾಗಾಗಿ ದೂರದ ಗುರಿಗೆ ಹೊಡೆದಾಗ ಇದರ ಗುಂಡು .30-06ಗಿಂತ ಕಡಿಮೆ ಕೆಳಗಿಳಿಯುತ್ತದೆ. ಆದರೆ ಭುಜಕ್ಕೆ ಬೀಳುವ ಒದೆತ ಜೋರು. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದರೆ ಗುರಿ ತಪ್ಪುತ್ತದೆ, ಪ್ರಾಣಿ ಗಾಯಗೊಂಡು ನರಳುತ್ತದೆ. 300 ಗಜದೊಳಗೆ ಹೊಡೆಯುವವರಿಗೆ ನಾನು .30-06 ಅನ್ನೇ ಹೇಳುತ್ತೇನೆ. ತೆರೆದ ಬಯಲಲ್ಲಿ ದೂರದ ಗುರಿಗೆ ಚೆನ್ನಾಗಿ ಅಭ್ಯಾಸ ಮಾಡಿದವರಿಗೆ ಮ್ಯಾಗ್ನಮ್ ಸರಿ.

ನನ್ನ ಮಟ್ಟಿಗೆ ತೋಟಾಗಿಂತ ಅದರ ತುದಿಯಿಂದ ಹಾರುವ ಗುಂಡೇ ಮುಖ್ಯ. ತೆಳು ಲೋಹದ ಹೊದಿಕೆಯ ಸಾದಾ ಸೀಸದ ಗುಂಡು ಹತ್ತಿರದಿಂದ ಎಲ್ಕ್‌ನ ಭುಜದ ಮೂಳೆಗೆ ಬಡಿದರೆ ಒಡೆದು ಚೂರಾಗಬಹುದು. ಹೊದಿಕೆಗೆ ಸೀಸವನ್ನು ಬೆಸೆದ ಬಾಂಡೆಡ್ ಗುಂಡು ಹೆಚ್ಚು ತೂಕ ಉಳಿಸಿಕೊಂಡು ಒಳಗೆ ಹೋಗುತ್ತದೆ. ಪೂರ್ತಿ ತಾಮ್ರದ್ದು ಇನ್ನೂ ಆಳಕ್ಕೆ ಇಳಿಯುತ್ತದೆ, ಮಾಂಸದಲ್ಲಿ ಸೀಸ ಉಳಿಯುವುದಿಲ್ಲ. ಆದರೆ ವೇಗ ತೀರಾ ಇಳಿದರೆ ಬಡಿದಾಗ ಅದರ ತುದಿ ಸರಿಯಾಗಿ ಅರಳಿ ಅಗಲವಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ.