ಆನಂದ ವಿಕಟನ್ ಧಾರಾವಾಹಿಗಳ ಹಳೇ ಬೈಂಡು: ಕೊಳ್ಳಬಹುದೇ?

ವೈದ್ಯನಾಥ ಅಯ್ಯರ್ 1926ರಲ್ಲಿ ಮದರಾಸಿನಲ್ಲಿ ಶುರು ಮಾಡಿದ ತಮಿಳು ಪತ್ರಿಕೆ ‘ಆನಂದ ವಿಕಟನ್’, 1928ರಲ್ಲಿ ಎಸ್.ಎಸ್. ವಾಸನ್ ಕೈಗೆ ಬಂದ ಮೇಲೆ ಮನೆಮಾತಾಯಿತು. ಧಾರಾವಾಹಿಯ ಹಾಳೆಗಳನ್ನು ಓದುಗರು ವಾರವಾರ ಕಿತ್ತಿಟ್ಟು ಬೈಂಡ್ ಮಾಡಿಸುತ್ತಿದ್ದರು. ಚೆನ್ನೈನ ಹಳೇ ಪುಸ್ತಕದಂಗಡಿಗಳಲ್ಲಿ ಇವು ಈಗಲೂ ಸಿಗುತ್ತವೆ. ಮರುಮುದ್ರಣಕ್ಕಿಂತ ಇವೇ ಮೇಲು: ಗೋಪುಲು ಬರೆದ ಚಿತ್ರಗಳು ಕಥೆಯ ಪಕ್ಕದಲ್ಲೇ ಇರುತ್ತವೆ, ಹಾಳೆಯ ಹಿಂಬದಿಯಲ್ಲಿ ಆ ಕಾಲದ ಜಾಹೀರಾತುಗಳೂ ಉಳಿದಿರುತ್ತವೆ. ಎಂಥ ಸೊಗಸು!

ಆದರೆ ಕಂತುಗಳ ಸಂಖ್ಯೆಯನ್ನು ಒಂದೊಂದಾಗಿ ನೋಡಿಯೇ ದುಡ್ಡು ಕೊಡಿ. ನಡುವೆ ಒಂದೆರಡು ತಪ್ಪಿಹೋಗಿರುವುದು ಮಾಮೂಲಿ. ಬೈಂಡರು ಅಂಚು ಸಮ ಮಾಡುವಾಗ ಚಿತ್ರಕಾರನ ಸಹಿ ಕತ್ತರಿಸಿಹೋಗಿರಬಹುದು. ಹೊಲಿಗೆ ಒಳಕ್ಕೆ ಬಿದ್ದಿದ್ದರೆ ಸಾಲಿನ ಮೊದಲಕ್ಷರಗಳೇ ಕಾಣುವುದಿಲ್ಲ. ನ್ಯೂಸ್‌ಪ್ರಿಂಟಿನಲ್ಲಿ ಆಮ್ಲದ ಅಂಶವಿರುವುದರಿಂದ ಮೂಲೆ ಮಡಚಿದರೆ ಮುರಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ತೆಳು ಕಾಗದಕ್ಕೆ ಮೈದಾ ಅಂಟು ಸಾಕು.